ಬೆಂಗಳೂರು ಬಿಟ್ಟು ಸಾಗರ ಕಡೆ ಹಳ್ಳಿಯಲ್ಲಿ ಹಳೇ ಹೆಂಚಿನ ಮನೆ ಕೊಳ್ಳಬೇಕು ಅಂತಿದ್ದೇವೆ, ಏನೇನು ನೋಡಬೇಕು?

ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ತುಮಕೂರು ಕಡೆಯವರು, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಇಲ್ಲೇ ಉಳಿದವರು. ನನಗೆ ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದ್ದಾರೆ. ಹೆಂಡತಿ ಹೊಲಿಗೆ ಕೆಲಸ ಮಾಡುತ್ತಾಳೆ, ಅದನ್ನು ಎಲ್ಲಿ ಬೇಕಾದರೂ ಮಾಡಬಹುದು ಅನ್ನುತ್ತಾಳೆ. ಮಗಳು ಮೂರನೇ ಕ್ಲಾಸು. ಜೊತೆಗೆ ಅಮ್ಮ ಇದ್ದಾರೆ, ಬಿಪಿ, ಶುಗರ್ ಎರಡೂ ಇದೆ.

ಸಾಗರ ತಾಲೂಕಿನಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ದೊಡ್ಡ ಜಗುಲಿ, ಪಕ್ಕದಲ್ಲಿ ಕೊಟ್ಟಿಗೆ, ಕೆಳಗೆ ಒಂದು ಎಕರೆ ಚಿಲ್ಲರೆ ಅಡಿಕೆ ತೋಟ. ಮನೆ ನಮಗೆ ತುಂಬಾ ಹಿಡಿಸಿದೆ. ಬ್ರೋಕರ್ "ಬೆಟ್ಟ ಸೇರಿ ನಾಲ್ಕು ಎಕರೆ ಆಗುತ್ತೆ, ದಾಖಲೆ ಎಲ್ಲಾ ಕ್ಲಿಯರ್, ಬೇಗ ಅಡ್ವಾನ್ಸ್ ಕೊಡಿ, ಇನ್ನೊಂದು ಪಾರ್ಟಿ ಬಂದು ನೋಡಿಕೊಂಡು ಹೋಗಿದೆ" ಅಂತ ಅವಸರ ಮಾಡುತ್ತಿದ್ದಾರೆ. ನಮ್ಮ ಕಡೆ ಹೊಲ ಗದ್ದೆ ವ್ಯವಹಾರ ಸ್ವಲ್ಪ ಗೊತ್ತು, ಮಲೆನಾಡಿನದು ಗೊತ್ತಿಲ್ಲ. ದಾಖಲೆ, ನೀರು, ಆಸ್ಪತ್ರೆ, ಸ್ಕೂಲು, ನೆಟ್ ಎಲ್ಲದರ ಬಗ್ಗೆ ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಹೂಡಿಕೆಗಲ್ಲ, ಅಲ್ಲೇ ಇದ್ದು ಬದುಕುವುದಕ್ಕೆ ಬರುತ್ತಿರುವುದು.

ವರದಾತೀರ

ಬನ್ನಿ ಸರ್, ಊರಿಗೆ ಜನ ಬೇಕು. ನಮ್ಮ ಕೇರಿಯಲ್ಲೇ ಬೀಗ ಹಾಕಿದ ಮನೆಗಳು ಜಾಸ್ತಿ ಆಗಿವೆ, ಮಕ್ಕಳೆಲ್ಲ ಹೊರಗೆ, ವಯಸ್ಸಾದವರು ಒಬ್ಬೊಬ್ಬರೇ ಇದ್ದಾರೆ. ಆದರೆ ಅಡ್ವಾನ್ಸ್ ಮಾತ್ರ ಈಗಲೇ ಕೊಡಬೇಡಿ.

ಮೊದಲು ಹೇಳಿ, ಮನೆ ನೋಡಿದ್ದು ಯಾವ ತಿಂಗಳು? ನವೆಂಬರ್, ಡಿಸೆಂಬರ್‌ನಲ್ಲಿ ಬಂದವರಿಗೆ ಇಲ್ಲಿನ ಎಲ್ಲಾ ಮನೆಯೂ ಚೆನ್ನಾಗಿಯೇ ಕಾಣುತ್ತೆ. ಹಸಿರು ಇರುತ್ತೆ, ಬಾವಿ ತುಂಬಿರುತ್ತೆ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತೆ. ಅದೇ ಮನೆಯನ್ನು ಜುಲೈನಲ್ಲಿ ಒಂದು ಸಲ, ಏಪ್ರಿಲ್ ಕೊನೆಯಲ್ಲಿ ಒಂದು ಸಲ ನೋಡಬೇಕು. ಜುಲೈನಲ್ಲಿ ಮಾಡು ಎಲ್ಲಿ ಸೋರುತ್ತೆ, ಗೋಡೆ ಬುಡ ಎಷ್ಟು ಒದ್ದೆ, ಕಾರು ಮನೆ ತನಕ ಬರುತ್ತಾ ಅಥವಾ ಮೇಲಿನ ರಸ್ತೆಯಲ್ಲೇ ನಿಲ್ಲಿಸಿ ಕೆಸರಲ್ಲಿ ಇಳಿಯಬೇಕಾ ಅನ್ನುವುದು ಗೊತ್ತಾಗುತ್ತೆ. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತಾ ನೋಡಿ. ಬೆಟ್ಟದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಇದ್ದರೆ, ಅದು ಎಲ್ಲಿಂದ ಬರುತ್ತೆ, ಯಾರ ಜಾಗ ದಾಟಿ ಬರುತ್ತೆ, ಎಷ್ಟು ಮನೆಗೆ ಹಂಚಿಕೆ, ಎಲ್ಲಾ ಕೇಳಿ. ನೀರಿನ ಹಂಚಿಕೆ ಬಾಯಿಮಾತಿನಲ್ಲಿ ನಡೆದುಕೊಂಡು ಬಂದಿರುತ್ತೆ, ಮನೆ ಮಾರಿದ ಮೇಲೆ ಆ ಮಾತು ಮುಂದುವರಿಯುತ್ತಾ ಅಂತ ಪಕ್ಕದವರನ್ನೇ ಕೇಳಬೇಕು.

ಮನೆ ಹಿಂದೆ ಧರೆ (ಕಡಿದ ಗುಡ್ಡದ ಮಣ್ಣಿನ ಗೋಡೆ) ಇದೆಯಾ? ಇದನ್ನು ಹೊರಗಿನಿಂದ ಬಂದವರು ಯಾರೂ ನೋಡುವುದಿಲ್ಲ. ಗುಡ್ಡ ಕಡಿದು ಸಮ ಮಾಡಿ ಮನೆ ಕಟ್ಟಿರುತ್ತಾರೆ, ಹಿಂದಿನ ಧರೆ ಜೋರು ಮಳೆಯಲ್ಲಿ ಕುಸಿದು ಅಡಿಗೆಮನೆ ಮೇಲೇ ಬರುತ್ತೆ. ಧರೆಗೂ ಗೋಡೆಗೂ ನಡುವೆ ಎಷ್ಟು ಜಾಗ ಇದೆ, ನೀರು ಹರಿದು ಹೋಗಲು ಕಾಲುವೆ ಇದೆಯಾ, ಮೇಲೆ ದೊಡ್ಡ ಮರ ವಾಲಿಕೊಂಡಿದೆಯಾ ನೋಡಿ.

ಮಣ್ಣಿನ ಗೋಡೆಗೆ ಹೆದರಬೇಡಿ. ಮಾಡು ಗಟ್ಟಿ ಇದ್ದರೆ, ಬುಡಕ್ಕೆ ನೀರು ನಿಲ್ಲದಿದ್ದರೆ ಎಷ್ಟೋ ತಲೆಮಾರು ಬಾಳುತ್ತೆ. ಹೆದರಬೇಕಾದದ್ದು ಗೆದ್ದಲಿಗೆ. ಏಣಿ ಇಟ್ಟು ಅಟ್ಟಕ್ಕೆ ಹತ್ತಿ, ತೊಲೆ, ಪಕಾಸು, ರೀಪು ಎಲ್ಲಾ ಕೈಯಿಂದ ಮುಟ್ಟಿ ನೋಡಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಊರಿನ ಬಡಗಿಯನ್ನು ಒಂದು ದಿನದ ಸಂಬಳ ಕೊಟ್ಟು ಕರೆದುಕೊಂಡು ಹೋಗಿ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಈಗ ಆ ಕೆಲಸ ಬಲ್ಲವರು ಸಿಗುವುದು ಕಷ್ಟ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಸರಪಳಿ ಹಿಡಿದವ

ಸರ್ವೆ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ದಾಖಲೆ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನೀವು ಮೊದಲು ಕೇಳಬೇಕಾದ ಪ್ರಶ್ನೆ, ಮನೆ ನಿಂತಿರುವ ಜಾಗ ಯಾವುದು? ಅದು ಗ್ರಾಮಠಾಣಾದಲ್ಲಿ, ಅಂದರೆ ಊರಿನ ವಾಸದ ಜಾಗದಲ್ಲಿ ಇರಬಹುದು, ತೋಟದ ಸರ್ವೆ ನಂಬರಿನೊಳಗೆ ಇರಬಹುದು, ಎರಡೂ ಬಿಟ್ಟು ಸರ್ಕಾರಿ ಜಾಗದಲ್ಲೂ ಇರಬಹುದು. ಮನೆ ತೋರಿಸುವವರು ಮನೆ, ತೋಟ ಎಲ್ಲಾ ಒಂದೇ ಎಂಬಂತೆ ತೋರಿಸುತ್ತಾರೆ. ದಿಶಾಂಕ್ ಆ್ಯಪ್ ಹಾಕಿಕೊಂಡು ಅಂಗಳದಲ್ಲಿ ನಿಂತು ನೋಡಿದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಅಂದಾಜು ಸಿಗುತ್ತೆ. ಅದು ಅಂದಾಜು ಮಾತ್ರ, ಅಳತೆ ಅಲ್ಲ. ಆದರೆ ಅಲ್ಲೇ ಸರ್ಕಾರಿ ಅಂತ ಬಂದರೆ ಮುಂದಿನ ಮಾತು ನಿಲ್ಲಿಸಿ ವಿಚಾರಿಸಬೇಕು.

ಗ್ರಾಮಠಾಣಾ ಆದರೆ ಪಂಚಾಯಿತಿಯ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಅದು ಬೇರೆ ಲೆಕ್ಕ, ಅನುಮೋದನೆ ಇಲ್ಲದ ಆಸ್ತಿಗೆ ಕೊಡುವುದು ಅದು, ಬ್ಯಾಂಕ್ ಸಾಲ ಬೇಕಾದವರು ಮೊದಲೇ ಬ್ಯಾಂಕಿನಲ್ಲಿ ತೋರಿಸಿ ಕೇಳಿಕೊಳ್ಳಬೇಕು. ಮನೆ ಕಂದಾಯ ಕಟ್ಟಿದ ರಸೀದಿ ಎಷ್ಟು ವರ್ಷದ್ದು ತೋರಿಸಿದರೂ ಅದು ಹಕ್ಕಿನ ದಾಖಲೆ ಅಲ್ಲ.

ತೋಟಕ್ಕೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರು ಇದೆ, ಒಬ್ಬರದೇ ಇದೆಯಾ, ಜಂಟಿ ಇದೆಯಾ? 10ನೇ ಕಾಲಂನಲ್ಲಿ ಅದು ಅವರಿಗೆ ಹೇಗೆ ಬಂತು? ಅಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಹಿಡಿದು ಹಿಂದಕ್ಕೆ ಹೋಗಿ. 11ನೇ ಕಾಲಂನಲ್ಲಿ ಸೊಸೈಟಿ ಸಾಲ, ಬ್ಯಾಂಕ್ ಸಾಲ, ಕೋರ್ಟ್ ತಡೆ ಇರುತ್ತೆ. ಅಡಿಕೆ ತೋಟಕ್ಕೆ ಬೆಳೆ ಸಾಲ ಇಲ್ಲದ ಪಹಣಿ ಅಪರೂಪ, ಅದರಲ್ಲಿ ತಪ್ಪೇನೂ ಇಲ್ಲ, ತೀರಿಸಿ ಋಣ ತೆಗೆಸಿದ ಮೇಲೆ ನೋಂದಣಿ ಆಗಬೇಕು ಅಷ್ಟೇ. ಋಣಭಾರ ಪತ್ರ (ಇಸಿ) 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ಸಿಗುತ್ತೆ. ಅಲ್ಲಿಗೇ ನಿಲ್ಲಿಸಬೇಡಿ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡಿ.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗ ಅಳೆದು ಗುರುತಿಸಿದ ಸರ್ವೆ ನಕ್ಷೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಪೋಡಿ ಆಗದ, ಅಂದರೆ ಅಳೆದು ಬೇರೆ ಬೇರೆ ನಂಬರು ಮಾಡದ ಜಂಟಿ ಪಹಣಿ ಆದರೆ ಇದಕ್ಕೆ ಸಮಯ ಹಿಡಿಯುತ್ತೆ. ಪೂರ್ತಿ ನಂಬರು ಕೊಂಡರೂ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ. ತೋಟದ ಗಡಿ ಅಂದರೆ ಹಳೇ ಅಗಳು (ಕಂದಕ), ಬೇಲಿ, ಒಂದು ಮರ ಅಂತ ನಂಬಿಕೊಂಡು ಬಂದಿರುತ್ತಾರೆ, ಅಳತೆ ಮಾಡಿದರೆ ನಾಲ್ಕಾರು ಗುಂಟೆ ಆಚೀಚೆ ಆಗುವುದು ಮಾಮೂಲು.

ಜಮೀನು ಮಂಜೂರಾತಿಯಿಂದ ಬಂದದ್ದಾ? ಹಾಗಿದ್ದರೆ ಮೂಲ ಮಂಜೂರಾತಿ ಆದೇಶ ನೋಡದೆ ಒಂದು ರೂಪಾಯಿ ಕೊಡಬೇಡಿ. ಬಗರ್ ಹುಕುಂ (ಸರ್ಕಾರಿ ಜಾಗ ಸಾಗುವಳಿ ಮಾಡಿದವರಿಗೆ ಕೊಡುವ) ಮಂಜೂರಾತಿಗೆ ಇಷ್ಟು ವರ್ಷ ಮಾರುವಂತಿಲ್ಲ ಅನ್ನುವ ಷರತ್ತು ಇರುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಆದರೆ 1978ರ ಪಿಟಿಸಿಎಲ್ ಕಾಯ್ದೆ (ಅಂಥ ಜಮೀನಿನ ಪರಭಾರೆ ನಿಷೇಧ ಕಾಯ್ದೆ) ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡದ್ದು ಊರ್ಜಿತವಲ್ಲ. 2023ರ ತಿದ್ದುಪಡಿಯಲ್ಲಿ, ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತಲೂ ಸೇರಿಸಿದ್ದಾರೆ. ಆ ಕಾಯ್ದೆ ಇರುವುದೇ ಬಡವರ ಭೂಮಿ ಕೈತಪ್ಪಬಾರದು ಅಂತ, ಅದನ್ನು ಗೌರವಿಸಿ, ಅಂಥ ಜಮೀನಿನ ತಂಟೆಗೇ ಹೋಗಬೇಡಿ.

ಕೊನೆಗೆ ಆ "ಬೆಟ್ಟ ಸೇರಿ ನಾಲ್ಕು ಎಕರೆ" ಅನ್ನುವ ಮಾತು. ಸೊಪ್ಪಿನ ಬೆಟ್ಟ ಮಾರುವ ವಸ್ತು ಅಲ್ಲ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತಂದುಕೊಳ್ಳಲು ಅಡಿಕೆ ಬೆಳೆಗಾರರಿಗೆ ಹಿಂದಿನಿಂದ ಕೊಟ್ಟ ಸವಲತ್ತು ಅದು, ಭೂಮಿ ಸರ್ಕಾರದ್ದೇ. ನೀವು ದುಡ್ಡು ಕೊಡುವುದು ಪಹಣಿಯಲ್ಲಿ ಅವರ ಹೆಸರಲ್ಲಿರುವ ಎಕರೆ ಗುಂಟೆಗೆ ಮಾತ್ರ.

ಬಯಲುಸೀಮೆಯವ

ಸರ್, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಪಹಣಿ ತೆಗೆಸಿದೆ. ಒಂದು ಎಕರೆ ಹನ್ನೆರಡು ಗುಂಟೆ, ಅಣ್ಣತಮ್ಮಂದಿರು ಇಬ್ಬರ ಹೆಸರು ಜಂಟಿಯಾಗಿದೆ, ಅವರ ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿದೆ. ಅವರಿಗೆ ಒಬ್ಬ ಅಕ್ಕ ಇದ್ದಾರೆ, ಹುಬ್ಬಳ್ಳಿಯಲ್ಲಿ. ಬ್ರೋಕರ್ ಹೇಳುವುದು, ಅಕ್ಕನ ಮದುವೆ 1994ಕ್ಕೆ ಮುಂಚೆಯೇ ಆಗಿದೆ, ಅವರ ಸಹಿ ಬೇಕಾಗಿಲ್ಲ ಅಂತ. ಇದು ಸರಿನಾ?

ಸರಪಳಿ ಹಿಡಿದವ

ಸರಿ ಅಲ್ಲ. 1994ರಲ್ಲಿ ನಮ್ಮ ರಾಜ್ಯ ಮಾಡಿದ ತಿದ್ದುಪಡಿಯಲ್ಲಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟಿದ್ದರು, ಆ ಮಾತು ಊರಲ್ಲಿ ಇನ್ನೂ ಓಡಾಡುತ್ತಿದೆ. 2005ರಲ್ಲಿ ಕೇಂದ್ರದ ಕಾಯ್ದೆಯೇ ಬದಲಾಯಿತು, ಮದುವೆ ಯಾವಾಗ ಆಯಿತು ಅನ್ನುವುದು ಈಗ ಲೆಕ್ಕಕ್ಕೆ ಬರುವುದಿಲ್ಲ. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಬೇರೆ ಮಾತು. ನಿಮ್ಮದರಲ್ಲಿ ಪಾಲೇ ಆಗಿಲ್ಲ, ಪೌತಿ ಖಾತೆ ಆಗಿದೆ ಅಷ್ಟೇ. ಪಹಣಿಯಲ್ಲಿ ಹೆಸರು ಇಲ್ಲ ಅಂದ ಮಾತ್ರಕ್ಕೆ ಆ ಅಕ್ಕನ ಹಕ್ಕು ಹೋಗುವುದಿಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅಕ್ಕನ ಪಾಲಿನ ಹಣ ಅಕ್ಕನ ಖಾತೆಗೇ ಹೋಗಬೇಕು. ನಂತರ ಒಬ್ಬ ಸ್ಥಳೀಯ ವಕೀಲರಿಗೆ ಪೂರ್ತಿ ಕಡತ ತೋರಿಸಿ. ಮಾರುವವರು ಹೇಳಿದ ವಕೀಲರು ಬೇಡ, ನೀವೇ ಹುಡುಕಿಕೊಳ್ಳಿ.

ಜರ್ಸಿ ಕನ್ನಡಿಗ

ನಾನು ಹದಿನೈದು ವರ್ಷದಿಂದ ಅಮೆರಿಕದಲ್ಲಿದ್ದೇನೆ, ಈಗ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವುದು). 2020ರ ನಂತರ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತಾರಲ್ಲ, ನಾವೂ ತೀರ್ಥಹಳ್ಳಿ ಕಡೆ ತೋಟದ ಮನೆ ಕೊಳ್ಳಬಹುದಾ?

ಸರಪಳಿ ಹಿಡಿದವ

ಕೊಳ್ಳಲು ಬರುವುದಿಲ್ಲ ಸರ್. 2020ರಲ್ಲಿ ರದ್ದಾದದ್ದು ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು, ಅಂದರೆ ಕೃಷಿಕರಲ್ಲದವರು, ಹೆಚ್ಚು ಆದಾಯ ಇರುವವರು ಕೊಳ್ಳಬಾರದು ಅನ್ನುವ ನಿರ್ಬಂಧ. ನಿಮಗೆ ಅನ್ವಯ ಆಗುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ. ಅನಿವಾಸಿ ಭಾರತೀಯರು, ಒಸಿಐ ಇರುವವರು ಮನೆ, ಸೈಟು ಕೊಳ್ಳಬಹುದು, ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಣ್ಣನ ಹೆಸರಲ್ಲಿ ಕೊಂಡು ನಾನು ದುಡ್ಡು ಕಳಿಸುತ್ತೇನೆ ಅನ್ನುವ ದಾರಿ ಹಿಡಿಯಬೇಡಿ, ಅದು ಬೇನಾಮಿ ಅನ್ನಿಸಿಕೊಳ್ಳುವ ಅಪಾಯ ಇದೆ, ಜೊತೆಗೆ ಸಂಬಂಧವೂ ಹಾಳು.

ಹಿನ್ನೀರಿನವಳು

ನಾನು ಕರೂರು ಹೋಬಳಿಯವಳು, ತುಮರಿ ಹತ್ತಿರ. ಒಂದು ಮಾತು ಎಲ್ಲರ ಗಮನಕ್ಕೆ ತರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಮ್ಮ ಹಿರಿಯರ ಊರು, ಗದ್ದೆ, ತೋಟ ಎಲ್ಲಾ ಮುಳುಗಿತು. ಎಲ್ಲಿ ತಂದು ಬಿಟ್ಟರೋ ಅಲ್ಲೇ ಕಾಡು ಕಡಿದು ಬದುಕು ಕಟ್ಟಿಕೊಂಡರು. ಇಷ್ಟು ವರ್ಷ ಆದರೂ ಎಷ್ಟೋ ಕುಟುಂಬಗಳಿಗೆ ಆ ನೆಲದ ಹಕ್ಕುಪತ್ರ ಇಲ್ಲ, ದಾಖಲೆಯಲ್ಲಿ ಅದು ಅರಣ್ಯ. ನಾಡಿಗೆ ಕರೆಂಟು ಕೊಟ್ಟವರು ಇನ್ನೂ ಕಾಗದ ಹಿಡಿದು ಕಚೇರಿ ಅಲೆಯುತ್ತಿದ್ದಾರೆ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಅಲ್ಲಿಯ ತನಕ ಹಿನ್ನೀರು ದಾಟಲು ಲಾಂಚ್ ಬಿಟ್ಟರೆ ಗತಿ ಇರಲಿಲ್ಲ, ರಾತ್ರಿ ಹೆರಿಗೆ ನೋವು ಬಂದರೆ ದೇವರೇ ಕಾಯಬೇಕಿತ್ತು. ಸೇತುವೆ ನಮಗೆ ಬೇಕೇ ಬೇಕಿತ್ತು. ಆದರೆ ಅದರ ಜೊತೆಗೇ ಕಾರಿನಲ್ಲಿ ಬಂದು "ಹಿನ್ನೀರು ಕಾಣುವ ಜಾಗ ಇದೆಯಾ, ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟರೂ ಸಾಕು" ಅನ್ನುವವರು ಶುರುವಾಗಿದ್ದಾರೆ. ದಯವಿಟ್ಟು ಹಾಗೆ ಕೊಳ್ಳಬೇಡಿ. ಬಾಂಡ್ ಪೇಪರಿನಿಂದ ನಿಮಗೆ ಹಕ್ಕು ಬರುವುದಿಲ್ಲ, ನಾಳೆ ನಿಜವಾಗಿ ಹಕ್ಕುಪತ್ರ ಕೊಡುವ ಹೊತ್ತಿಗೆ ಆ ಬಡವರ ಅರ್ಜಿಯೂ ಕೆಡುತ್ತೆ. ಕಷ್ಟದಲ್ಲಿರುವವರು ಮಾರುತ್ತೇವೆ ಅಂದರೂ ಬೇಡ ಅನ್ನುವ ಮನಸ್ಸು ಕೊಳ್ಳುವವರಿಗೆ ಇರಬೇಕು.

ಕೊನೆಗೌಡನ ಮಗ

ತೋಟದ ಬಗ್ಗೆ ಯಾರೂ ಹೇಳಲಿಲ್ಲ. ಅಡಿಕೆ ರೇಟು ಪೇಪರಿನಲ್ಲಿ ನೋಡಿ ಗುಣಾಕಾರ ಮಾಡಬೇಡಿ ಸರ್. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಸುತ್ತಮುತ್ತ ಎಷ್ಟೋ ತೋಟಗಳಲ್ಲಿ ಅರ್ಧ ಫಸಲೂ ಇಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಲೇಬೇಕು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದನ್ನು ಮಳೆ ಬಿಡುವು ಕೊಟ್ಟ ದಿನ ನೋಡಿ ಹೊಡೆಯಬೇಕು, ಆ ದಿನ ಮರ ಹತ್ತುವವರು ಸಿಗಬೇಕು. ಎಲ್ಲರಿಗೂ ಅದೇ ದಿನ ಬೇಕು. ಮರ ಹತ್ತುವುದು ಪ್ರಾಣದ ಕೆಲಸ, ಕೂಲಿ ಜಾಸ್ತಿ ಕೇಳುತ್ತಾರೆ ಅಂತ ಗೊಣಗಬೇಡಿ.

ಮೊದಲ ವರ್ಷ ಫಸಲನ್ನು ಚೇಣಿಗೆ (ಮರದಲ್ಲಿರುವ ಫಸಲಿನ ಗುತ್ತಿಗೆ) ಕೊಟ್ಟುಬಿಡಿ. ಚೇಣಿದಾರರೇ ಕೊಯ್ದುಕೊಂಡು ಹೋಗುತ್ತಾರೆ. ದುಡ್ಡು ಸ್ವಲ್ಪ ಕಡಿಮೆ ಬಂದರೂ ತೋಟ ಹೇಗೆ ನಡೆಯುತ್ತೆ ಅಂತ ನೋಡಿ ಕಲಿಯಬಹುದು. ಮರಗಳ ವಯಸ್ಸು ಎಷ್ಟು, ಸತ್ತ ಮರದ ಜಾಗಕ್ಕೆ ಸಸಿ ಹಾಕಿದ್ದಾರಾ, ಬಸಿಗಾಲುವೆ ಹೂಳು ತೆಗೆದಿದ್ದಾರಾ ನೋಡಿ. ಬಸಿಗಾಲುವೆ ಮುಚ್ಚಿದ್ದರೆ ಆ ತೋಟವನ್ನು ಎಷ್ಟೋ ವರ್ಷದಿಂದ ಯಾರೂ ನೋಡಿಕೊಂಡಿಲ್ಲ ಅಂತಲೇ ಅರ್ಥ. ಒಂದು ಎಕರೆ ನಂಬಿ ಸಂಬಳದ ಕೆಲಸ ಬಿಡಬೇಡಿ.

ಮಲೆನಾಡ ನರ್ಸ್

ಅಮ್ಮನ ಆರೋಗ್ಯದ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಿಪಿ, ಶುಗರ್ ಮಾತ್ರೆ, ತಪಾಸಣೆ ಎಲ್ಲಾ ಸಾಗರದಲ್ಲೇ ಆಗುತ್ತೆ, ಉಪವಿಭಾಗೀಯ ಆಸ್ಪತ್ರೆ ಇದೆ. ಹೃದಯ, ಪಾರ್ಶ್ವವಾಯು ಇಂಥದ್ದಕ್ಕೆ ಶಿವಮೊಗ್ಗಕ್ಕೆ ಹೋಗಬೇಕು, ಸಾಗರದಿಂದ ಸುಮಾರು 70 ಕಿಲೋಮೀಟರ್. ಆದ್ದರಿಂದ ನಿಮ್ಮ ಮನೆಯಿಂದ ಸಾಗರ ಎಷ್ಟು ದೂರ ಅನ್ನುವುದೇ ಮುಖ್ಯ. ಅರ್ಧ ಗಂಟೆಯೊಳಗೆ ಇದ್ದರೆ ಒಳ್ಳೆಯದು. ರಾತ್ರಿ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಬೇರೆ ದಾರಿ ಇದೆಯಾ ಅಂತಲೂ ಕೇಳಿ. ಮನೆ ಅಂಗಳಕ್ಕೆ ಆಂಬುಲೆನ್ಸ್ ಬರಲೇಬೇಕು, ಕಾಲುದಾರಿ ಇರುವ ಮನೆ ವಯಸ್ಸಾದವರಿಗೆ ಬೇಡ.

ಇನ್ನು ಮಂಗನ ಕಾಯಿಲೆ. ಇದು ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆ, 2019ರಲ್ಲಿ ಬಹಳ ಸಾವುನೋವು ಆಯಿತು, ಆ ದಿನಗಳನ್ನು ಇಲ್ಲಿಯವರು ಯಾರೂ ಮರೆಯುವುದಿಲ್ಲ. ಉಣ್ಣೆ (ಉಣುಗು) ಹುಳ ಕಚ್ಚಿ ಬರುವ ಜ್ವರ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಹೆದರಿ ಊರಿಗೆ ಬರುವುದೇ ಬೇಡ ಅನ್ನುತ್ತಿಲ್ಲ, ನಾವೆಲ್ಲ ಇಲ್ಲೇ ಇದ್ದೇವೆ. ಆ ತಿಂಗಳುಗಳಲ್ಲಿ ಕಾಡಿಗೆ, ದರಕಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮನೆಯಲ್ಲಿ ಮಲಗಬೇಡಿ, ಅದೇ ದಿನ ಬನ್ನಿ. ಮನೆ ನೋಡಲು ಹೋದಾಗ ಆ ಊರಿನ ಆಶಾ ಕಾರ್ಯಕರ್ತೆಯನ್ನು ಐದು ನಿಮಿಷ ಮಾತಾಡಿಸಿ, ಬ್ರೋಕರ್ ಹೇಳದ ಎಷ್ಟೋ ವಿಷಯ ಅವರು ಹೇಳುತ್ತಾರೆ.

ಎರಡು ಮಕ್ಕಳ ತಾಯಿ

ನಾವು ಹೀಗೇ ಬೆಂಗಳೂರಿನಿಂದ ಹೆಗ್ಗೋಡು ಕಡೆಗೆ ಬಂದವರು. ಸ್ಕೂಲಿಗೆ ಚಿಂತೆ ಮಾಡಬೇಡಿ, ಊರಿನ ಸರ್ಕಾರಿ ಶಾಲೆ ಒಂದು ಸಲ ಹೋಗಿ ನೋಡಿ. ಮಕ್ಕಳು ಕಡಿಮೆ ಆಗಿ ಮುಚ್ಚುವ ಹಂತಕ್ಕೆ ಬಂದ ಶಾಲೆಗಳಿವೆ, ನಿಮ್ಮ ಮಗಳೊಬ್ಬಳು ಸೇರಿದರೂ ಅಲ್ಲಿ ಅದು ದೊಡ್ಡ ವಿಷಯ. ಹೈಸ್ಕೂಲಿಗೆ ಸಾಗರ ಇದೆ.

ನೆಟ್ ವಿಷಯ: ಫೈಬರ್ ಆ ಮನೆಗೇ ಬಂದಿದೆಯಾ ಅಂತ ಪಕ್ಕದ ಮನೆಯಲ್ಲಿ ಕೇಳಿ, "ಊರಿಗೆ ಬಂದಿದೆ" ಅನ್ನುವುದು ಸಾಲದು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುತ್ತೆ, ಕರೆಂಟು ಎರಡು ಮೂರು ದಿನ ಇಲ್ಲದಿರುವುದೂ ಇದೆ. ದೊಡ್ಡ ಯುಪಿಎಸ್ ಹಾಕಿಸಿ, ಸಾಗರದಲ್ಲಿ ಕೂತು ಕೆಲಸ ಮಾಡಲು ಒಂದು ಜಾಗ ಮೊದಲೇ ನೋಡಿಟ್ಟುಕೊಳ್ಳಿ, ನಿಮ್ಮ ಆಫೀಸಿನವರಿಗೂ ಈ ಮಾತು ಮುಂಚೆಯೇ ಹೇಳಿ.

ಇದೆಲ್ಲದಕ್ಕಿಂತ ನನಗೆ ಕಷ್ಟ ಆದದ್ದು ಮೊದಲ ಮಳೆಗಾಲದ ಒಂಟಿತನ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣದ ವಾರಗಳಿರುತ್ತವೆ, ಬಟ್ಟೆ ಒಣಗುವುದಿಲ್ಲ, ಮನೆ ಮನೆಗೂ ದೂರ. ನಿಮ್ಮ ಮನೆಯವರನ್ನು, ಅಮ್ಮನನ್ನು ಈ ಬಗ್ಗೆ ನಿಜವಾಗಿ ಕೇಳಿ, ಅವರಿಗೂ ಬರುವ ಮನಸ್ಸು ಇದೆಯಾ? ನನ್ನನ್ನು ಇಲ್ಲಿ ಉಳಿಸಿದ್ದು ಪಕ್ಕದ ಮನೆಯ ಅತ್ತಿಗೆ. ಅವರ ಮನೆ ಅಡಿಕೆ ಸುಲಿಯಲು ನಾನು ಹೋದೆ, ನಮ್ಮ ಮನೆ ಕೆಲಸಕ್ಕೆ ಅವರು ಬಂದರು, ಮುಯ್ಯಾಳು ಅಂತಾರೆ ಇಲ್ಲಿ. ಮದುವೆ, ತಿಥಿ, ದೇವಸ್ಥಾನದ ಕೆಲಸ ಯಾವುದಕ್ಕೆ ಕರೆದರೂ ಹೋಗಿ, ಊಟ ಮಾಡಿ ಬರುವುದಲ್ಲ, ಬಡಿಸಿ ಬನ್ನಿ.

ಆವಿನಹಳ್ಳಿ ಯುವಕ

ಕೋಪ ಮಾಡಿಕೊಳ್ಳಬೇಡಿ ಅಣ್ಣ, ನನ್ನದೂ ಒಂದು ಮಾತು. ಹೊರಗಿನ ದುಡ್ಡು ಬಂದು ಇಲ್ಲಿ ಜಾಗದ ರೇಟು ಏರಿ ನಮ್ಮಂಥ ಊರಿನ ಹುಡುಗರಿಗೆ ಹತ್ತು ಗುಂಟೆ ಕೊಳ್ಳಲೂ ಆಗದ ಹಾಗೆ ಆಗಿದೆ. ಕೊಂಡವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ, ಬೇಲಿ ಹಾಕಿ ಗೇಟಿಗೆ ಬೀಗ ಹಾಕುತ್ತಾರೆ. ನಮ್ಮ ಅಜ್ಜಂದಿರ ಕಾಲದಿಂದ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿ ಮುಚ್ಚಿಹೋಗುತ್ತೆ. ಇಲ್ಲಾ ಹೋಮ್‌ಸ್ಟೇ ಮಾಡಿ ರಾತ್ರಿ ಹಾಡು ಹಾಕುತ್ತಾರೆ. ನೀವು ಇದ್ದು ಬದುಕುತ್ತೇನೆ ಅಂದಿದ್ದೀರಿ, ಅದಕ್ಕೆ ಖುಷಿ. ಕೊಂಡರೆ ದಾರಿ ಮಾತ್ರ ಮುಚ್ಚಬೇಡಿ.

ಬಯಲುಸೀಮೆಯವ

ತಮ್ಮಾ, ಕೋಪ ಇಲ್ಲ. ನೀನು ಹೇಳಿದ್ದು ಸರಿ ಇದೆ. ಆ ಜಾಗದಲ್ಲೂ ತೋಟದ ಮೇಲ್ಭಾಗದಲ್ಲಿ ಜನ ಓಡಾಡುವ ದಾರಿ ಇದೆ, ಅದು ಹಾಗೇ ಇರುತ್ತೆ ಅಂತ ಕ್ರಯಪತ್ರದಲ್ಲೇ ಬರೆಸುತ್ತೇನೆ.

ಮನೆಯಲ್ಲಿ ಕೂತು ಎಲ್ಲರೂ ಮಾತಾಡಿದೆವು. ಅಮ್ಮ ಒಪ್ಪಿದ್ದಾರೆ, ಆದರೆ ಮಳೆ ನೋಡಿಯೇ ಹೇಳುತ್ತೇನೆ ಅನ್ನುತ್ತಾರೆ. ಹಾಗಾಗಿ ಜೂನ್‌ನಿಂದ ಅದೇ ಭಾಗದಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದು ಮಳೆಗಾಲ ಪೂರ್ತಿ ಇರುತ್ತೇವೆ. ಮಗಳನ್ನು ಅಲ್ಲೇ ಶಾಲೆಗೆ ಸೇರಿಸುತ್ತೇವೆ. ಬ್ರೋಕರಿಗೆ ಅಕ್ಕನ ಸಹಿ ಇಲ್ಲದೆ ವ್ಯವಹಾರ ಇಲ್ಲ ಅಂದೆ, ಅವರು ಬೇಸರ ಮಾಡಿಕೊಂಡರು. ಆಮೇಲೆ ತಮ್ಮಂದಿರಲ್ಲಿ ದೊಡ್ಡವರು ತಾವೇ ಫೋನ್ ಮಾಡಿ, "ಅಕ್ಕನಿಗೆ ಹೇಳದೆ ಮಾರಲು ನನಗೂ ಮನಸ್ಸಿರಲಿಲ್ಲ" ಅಂದರು. ಅಕ್ಕನ ಜೊತೆ ಮಾತಾಡುತ್ತಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ನೋಂದಣಿ ಖರ್ಚು ಒಟ್ಟು ಎಷ್ಟು ಇಟ್ಟುಕೊಳ್ಳಬೇಕು? ಅಳತೆಗೆ ಯಾವಾಗ ಅರ್ಜಿ ಹಾಕಿಸಬೇಕು?

ಸರಪಳಿ ಹಿಡಿದವ

ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಹಳ್ಳಿ ಕಡೆ ಶೇ 5.65 ಆಗುತ್ತೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು ಶೇ 7.65. ಕೊಟ್ಟ ಹಣ ಪೂರ್ತಿ ಪತ್ರದಲ್ಲಿ ತೋರಿಸಿ, ಕಡಿಮೆ ಬರೆಸಿ ಉಳಿಸಲು ಹೋಗಬೇಡಿ. ಅಕ್ಕ ಒಪ್ಪಿದ ಮೇಲೆ ಮೂವರ ಜೊತೆಗೂ ಕ್ರಯದ ಕರಾರು ಮಾಡಿಕೊಂಡು ಅದನ್ನು ನೋಂದಣಿ ಮಾಡಿಸಿ, ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ.

ಅಳತೆ ಅರ್ಜಿ ಹಾಕಬೇಕಾದವರು ಮಾರುವವರು. ಮಳೆ ಹಿಡಿದ ಮೇಲೆ ತೋಟದಲ್ಲಿ ಅಳತೆ ಆಗುವುದಿಲ್ಲ, ಕಲ್ಲು ಕಾಣುವುದಿಲ್ಲ, ದಿನ ಮುಂದಕ್ಕೆ ಹೋಗುತ್ತಲೇ ಇರುತ್ತೆ. ಈಗಲೇ ಹಾಕಿಸಿದರೆ ಮೇ ತಿಂಗಳೊಳಗೆ ಆಗಬಹುದು, ಇಲ್ಲವಾದರೆ ನವೆಂಬರ್. ಅಳತೆ ದಿನ ನೀವೂ ಹಾಜರಿರಿ, ಅಕ್ಕಪಕ್ಕದ ಜಮೀನಿನವರಿಗೆ ಹಿಂದಿನ ದಿನವೇ ಮನೆಗೆ ಹೋಗಿ ಹೇಳಿ ಬನ್ನಿ. ನೋಟಿಸು ಹೇಗೂ ಹೋಗುತ್ತೆ, ಆದರೂ ಹೋಗಿ ಹೇಳಿ.

ವರದಾತೀರ

ಬಾಡಿಗೆ ಮನೆಗೆ ನನಗೆ ಮೆಸೇಜ್ ಮಾಡಿ ಸರ್. ನಮ್ಮ ಕೇರಿಯಲ್ಲಿ ಬೀಗ ಹಾಕಿದ್ದು ಒಂದು ಇದೆ, ಬಸ್ ರಸ್ತೆಗೆ ಹತ್ತಿರ, ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ. ಮನೆಯವರು ಮುಂಬೈಯಲ್ಲಿದ್ದಾರೆ, ಯಾರಾದರೂ ಇದ್ದು ದೀಪ ಹಚ್ಚಿದರೆ ಸಾಕು ಅನ್ನುತ್ತಿದ್ದರು. ಕೇಳಿ ಹೇಳುತ್ತೇನೆ. ಬರುವಾಗ ಸೌದೆ ಬಗ್ಗೆ ಮರೆಯಬೇಡಿ, ಮೇ ತಿಂಗಳಲ್ಲೇ ಒಣ ಸೌದೆ ಕೊಟ್ಟಿಗೆ ಸೇರಿರಬೇಕು, ಬಚ್ಚಲ ಹಂಡೆಗೆ ಮಳೆಗಾಲ ಪೂರ್ತಿ ಬೇಕು.